ಹತ್ತು ಗಂಟೆಯ ಭರತಿ

ಡೊಂಬಿವಿಲಿ ಪಕ್ಕದ ಠಾಕುರ್ಲಿಯಲ್ಲಿ ಪ್ಲೈವುಡ್ ಅಂಗಡಿ ನಡೆಸಿ ನಿವೃತ್ತನಾದ ಕಿಟ್ಟಣ್ಣನಿಗೆ ಸಮುದ್ರದ ಬಗ್ಗೆ ಇದ್ದ ತಿಳಿವಳಿಕೆಯೆಂದರೆ, ಮರೀನ್ ಪ್ಲೈ ಮಾಮೂಲಿ ಪ್ಲೈಗಿಂತ ದುಬಾರಿ ಎಂಬುದೊಂದೇ. ಅಂಥವನು ಮಲ್ಪೆಯಿಂದ ಡೊಂಬಿವಿಲಿಯ ತನ್ನ ಮನೆಗೆ ದೋಣಿಯಲ್ಲಿ ಹೊರಟದ್ದು ಹೆಂಡತಿಯ ಹಟಕ್ಕೆ.

ಪುಷ್ಪಾವತಿ ಮಲ್ಪೆಯಲ್ಲಿ ದೋಣಿ ಕಟ್ಟುವ ಆಚಾರಿಯ ಮಗಳು. ಅಪ್ಪ ಕಟ್ಟಿದ ದೋಣಿಗಳು ಗುಜರಾತಿನವರೆಗೆ ಹೋಗಿಬಂದರೂ ಮಗಳು ಹೋದದ್ದು ಅಳಿವೆಬಾಗಿಲಿನ ತನಕ ಮಾತ್ರ. ಮದುವೆಯಾಗಿ ಇತ್ತ ಬಂದದ್ದು ರಾತ್ರಿ ಬಸ್ಸಿನಲ್ಲಿ, ಘಾಟಿಯುದ್ದಕ್ಕೂ ವಾಂತಿ ಮಾಡುತ್ತ. ಅಂಗಡಿಯ ಬೀಗದಕೈ ಮಗ ರಂಜನನಿಗೆ ಕೊಟ್ಟ ದಿನವೇ ಅವಳು ತನ್ನ ಕರಾರು ಮುಂದಿಟ್ಟಳು.

"ಅಪ್ಪನ ಕೊನೆಯ ದೋಣಿ ತಮ್ಮನ ಹತ್ರ ಸುಮ್ಮನೆ ಬಿದ್ದುಂಟು. ಅದನ್ನು ಮನೆಗೆ ತರುವ. ಮಲ್ಪೆಯಲ್ಲಿ ಹತ್ತಿದರೆ ಇಳಿಯುವುದು ನಮ್ಮ ಮನೆ ಹತ್ರದ ಮೋಠಾಗಾಂವ್ ಖಾಡಿಯ ಕಟ್ಟೆಯಲ್ಲೇ. ನಡುವೆ ಬಸ್ಸು ರೈಲು ಹತ್ತಿದರೆ ಲೆಕ್ಕಕ್ಕಿಲ್ಲ."

ತಮ್ಮನ ಜತೆ ಎರಡು ಚಳಿಗಾಲ ಚುಕ್ಕಾಣಿ ಹಿಡಿದು ಪಳಗಿದ ಮೇಲೆಯೇ ಅವಳು ಹೊರಟಳು. ಎಂಜಿನ್ನೂ ಚುಕ್ಕಾಣಿಯೂ ಅವಳದು. ಅಡುಗೆ ಮತ್ತು ಮಾತು ಕಿಟ್ಟಣ್ಣನದು. ಹಗಲು ದಡದ ಗುಂಟ ಸಾಗಿ, ಸಂಜೆಗೆ ಸಿಕ್ಕಿದ ಬಂದರು ಸೇರುವುದು. "ರತ್ನಾಗಿರಿಯಲ್ಲಿ ಇಳಿದು ರೈಲು ಹಿಡೀತಾನೆ, ನೋಡ್ತಾ ಇರಿ" ಎಂದು ಕೆಳಗಿನ ಮಹಡಿಯ ತಾರಾನಾಥ ಇಡೀ ಸೊಸೈಟಿಗೆ ಸಾರಿದ್ದ. ರತ್ನಾಗಿರಿಯಲ್ಲಿ ಕಿಟ್ಟಣ್ಣ ಸ್ಟೇಷನ್ನಿನ ದಾರಿ ಕೇಳಿದ್ದು ನಿಜ. ಅಲ್ಲಿ ಚಹಾ ಚೆನ್ನಾಗಿರುತ್ತದೆಂದು ಅವನ ವಾದ.

ಕೊನೆಯ ದಿನ ಬೆಳಿಗ್ಗೆ ದೋಣಿ ಠಾಣೆ ನಗರದ ಕೋಲ್ಶೇತ್ ಬಳಿ ಲಂಗರು ಹಾಕಿತ್ತು. ಇನ್ನು ಉಳಿದದ್ದು ಎರಡು ತಾಸಿನ ದಾರಿ. ಕಿಟ್ಟಣ್ಣ ಮೋಠಾಗಾಂವ್‌ನ ಅಂಬಿಗ ಮುರಾರಿಗೆ ಫೋನ್ ಹಚ್ಚಿದ. ಅತ್ತಲಿಂದ ಮರಳು ತೆಗೆಯುವ ಯಂತ್ರದ ಗಡಗಡದ ನಡುವೆ ಮರಾಠಿಯ ಒಂದೇ ಮಾತು ಕೇಳಿಸಿತು: "ದಹಾ ವಾಜತಾ ಪೂರ್ಣ ಭರತೀ, ಶೇಟ್!" ಆಮೇಲೆ ಫೋನು ಕಡಿಯಿತು.

"ಎಂತ ಹೇಳಿದ?" ಎಂದು ಪುಷ್ಪಾವತಿ ಕೇಳಿದಳು.

"ಹತ್ತಕ್ಕೆ ಫುಲ್ ರಶ್ಶಂತೆ, ಜಾಗ ಇಲ್ಲವಂತೆ. ಮಧ್ಯಾಹ್ನದ ಮೇಲೆ ಹೋಗುವ."

ಮಧ್ಯಾಹ್ನ ಹನ್ನೆರಡು ಕಳೆದು ಹೊರಟಾಗ ಅವಳ ಹುಬ್ಬು ಗಂಟಿಕ್ಕಿತು. "ನೀರು ಇಳೀತಾ ಉಂಟಲ್ಲ?"

"ಮುರಾರಿ ಇಲ್ಲಿಯವ ಮಾರಾಯ್ತಿ. ಅವನಿಗಿಂತ ನಿನಗೆ ಗೊತ್ತಾ?"

ದಿವಾ ಕಡೆಯ ತಿರುವು ದಾಟಿ, ರೈಲು ಸೇತುವೆಯ ಕೆಳಗೆ ನುಸುಳಿ, ಕಟ್ಟೆಯ ಮೇಲೆ ಹಾರ ಹಿಡಿದು ನಿಂತ ಸೊಸೆ ಮಾನಸಿಯ ಸೀರೆಯ ಬಣ್ಣ ಕಾಣುವಷ್ಟು ಹತ್ತಿರ ಬಂದ ಮೇಲೆ ದೋಣಿ ಮೆತ್ತಗೆ ಕೆಸರಿನಲ್ಲಿ ಕುಳಿತಿತು. ಎಮ್ಮೆ ಕುಳಿತ ಹಾಗೆ. ಸೇತುವೆಯ ಮೇಲೆ ಹೋಗುತ್ತಿದ್ದ ರೈಲಿನ ಬಾಗಿಲಲ್ಲಿ ಜೋತವರು ಶಿಳ್ಳೆ ಹೊಡೆದರು.

ಮುರಾರಿ ಹೋಡಿ ಎಂಬ ಚಪ್ಪಟೆ ಕಿರುದೋಣಿಯನ್ನು ಗಳು ಊರಿಕೊಂಡು ಬಂದ. "ಶೇಟ್, ಭರತೀ ದಹಾಲಾ ಸಾಂಗಿತಲೀ ನಾ!"

ಪುಷ್ಪಾವತಿ ಗಂಡನ ಕಡೆ ತಿರುಗಿದಳು. "ಹತ್ತಕ್ಕೆ ಭರತಿ ಅಂತ ಮೊದಲೇ ಹೇಳಿದ್ದನಾ? ಭರತ ಅಂದರೆ ನೀರು ಏರುವುದು. ನಮ್ಮ ಮಲ್ಪೆಯ ಮಾತೂ ಅದೇ ಅಲ್ವಾ!"

"ನನಗೆ ಬಸ್ಸು ಭರ್ತಿ ಅಂದ ಹಾಗೆ ಕೇಳಿತು."

"ಅವ ಹೇಳಿದ್ದನ್ನು ಹಾಗೇ ಹೇಳಬೇಕಿತ್ತು. ನಿಮ್ಮ ಹತ್ರ ಅರ್ಥ ಕೇಳಿದವರು ಯಾರು?"

ದಡದಿಂದ ತಾರಾನಾಥ ಕೂಗಿದ: "ಹೋಡಿ ಹತ್ತು ಕಿಟ್ಟಣ್ಣಾ, ನೀರುದೋಸೆ ತಣೀತಾ ಉಂಟು!"

ಕಿಟ್ಟಣ್ಣ ಒಂದು ಕಾಲನ್ನು ಹೋಡಿಗೆ ಇಟ್ಟೇಬಿಟ್ಟ. ಅಷ್ಟು ಜನರ ಎದುರು ಕೆಸರಿನಲ್ಲಿ ಪ್ರದರ್ಶನಕ್ಕಿಟ್ಟ ಮಾಲಿನ ಹಾಗೆ ಕೂರುವುದು ಅವನಿಂದಾಗದು.

"ನೀವು ಹೋಗಿ," ಎಂದಳು ಪುಷ್ಪಾವತಿ. "ನಾನು ನೀರು ಬಂದ ಮೇಲೆ ಬರ್ತೇನೆ."

ಅವಳು ಬೈದಿದ್ದರೆ ಅವನು ಹೋಗುತ್ತಿದ್ದನೋ ಏನೋ. ಬೈಯಲಿಲ್ಲ, ಚುಕ್ಕಾಣಿಗೆ ಬೆನ್ನು ಕೊಟ್ಟು ಕಾಲು ಚಾಚಿ, ಸ್ವಂತ ಜಗಲಿಯಲ್ಲೆಂಬಂತೆ ಕುಳಿತಳು. ಇಷ್ಟು ದೂರ ಅವಳು ತಂದದ್ದು ದೋಣಿಯೊಂದನ್ನೇ ಅಲ್ಲ, ಜತೆಗೆ ಗಂಡನಾದ ತನ್ನನ್ನೂ ಎಂದು ಕಿಟ್ಟಣ್ಣನಿಗೆ ಹೊಳೆಯಿತು. ಕಾಲು ಹಿಂದಕ್ಕೆ ಬಂತು.

"ಮುರಾರಿ, ನಾವು ಇಳಿಯುವುದಿಲ್ಲ. ದೋಸೆ ಇಲ್ಲಿಗೇ ಆಣ್!"

ಹೋಡಿಯಲ್ಲಿ ದೋಸೆ ಬಂತು, ಕೋಳಿ ಸಾರು ಬಂತು, ಹಾರವೂ ಬಂತು. ದಡದಲ್ಲಿ ಚಾಪೆ ಹಾಸಿದ ಸೊಸೈಟಿಯವರು ಉಂಡರು, ಹಾಡಿದರು. ದೋಣಿಗೂ ದಡಕ್ಕೂ ನಡುವೆ ಬೊಬ್ಬೆಯಲ್ಲೇ ಹರಟೆ ನಡೆಯಿತು. ಎಲ್ಲವನ್ನೂ ಬೇಗ ಮುಗಿಸುವುದೇ ಲಾಭವೆಂದು ನಂಬಿದ್ದ ಕಿಟ್ಟಣ್ಣ ಅಂದು ಮೊದಲ ಬಾರಿಗೆ ತಡವಾದದ್ದಕ್ಕೆ ಖುಷಿಪಟ್ಟ.

ಹೊತ್ತು ಕಂತುವಾಗ ನೀರೇರಿ ದೋಣಿ ಅಲುಗಿತು. ಪುಷ್ಪಾವತಿ ಎದ್ದು ಎಂಜಿನ್ ಹಚ್ಚಿದಳು. ಕಿಟ್ಟಣ್ಣ ಎಸೆದ ಹಗ್ಗ ನೀರಿಗೆ ಬಿತ್ತು. ಎರಡನೆಯದು ತಾರಾನಾಥನ ಮುಖಕ್ಕೆ.

"ಎಂತ ಮಾರಾಯಾ, ಇಷ್ಟು ಲೇಟು?" ಎಂದು ತಾರಾನಾಥ ಮುಖ ಒರೆಸಿಕೊಂಡ.

"ಡೊಂಬಿವಿಲಿಗೆ ಯಾವುದು ಟೈಮಿಗೆ ಬಂದದ್ದುಂಟು?"

ಪುಷ್ಪಾವತಿ ನಕ್ಕು, ಯಾರ ಕೈಯನ್ನೂ ಹಿಡಿಯದೆ ಕಟ್ಟೆಗೆ ಹಾರಿದಳು. ಆಮೇಲೆ ತಿರುಗಿ, ಮೊಣಕಾಲು ಮರಗಟ್ಟಿ ದೋಣಿಯಲ್ಲೇ ನಿಂತಿದ್ದ ಗಂಡನಿಗೆ ಕೈ ಚಾಚಿದಳು.