ಚಾಪೆಯ ಕೆಳಗಿನ ಹೆಬ್ಬಾತು

ನಮ್ಮ ಹೈಗಾಂನಲ್ಲಿ ಮನೆತನದ ಹೆಸರು ಅಪ್ಪನಿಂದ ಬರುವುದಿಲ್ಲ, ಊರವರ ಬಾಯಿಂದ ಬರುತ್ತದೆ. ಯಾರದೋ ಅಜ್ಜ ಒಂದೇ ಒಂದು ಸಲ ಪಕ್ಕದ ಹಿತ್ತಲಿನ ಮೂಲಂಗಿ ಕಿತ್ತಿದ್ದರೆ ಸಾಕು, ಮೊಮ್ಮಗ ಮಸೀದಿಗೆ ದೀಪ ಹಾಕಿಸಿಕೊಟ್ಟರೂ ಮೂಲಂಗಿಯವನೇ. ಮೊಖ್ತಳ ಮನೆಯವರನ್ನು ಇವತ್ತಿಗೂ ಹೊಗೆಬಾತಿನವರು ಎನ್ನುತ್ತಾರೆ. ಮೊಮ್ಮಕ್ಕಳಿಗೆ ಅದು ನಾಚಿಕೆ. ಮೊಖ್ತಳಿಗೆ ಇರಲಿಲ್ಲ. ಅದು ತಾನು ಮೈ ಸುಟ್ಟುಕೊಂಡು ಗಳಿಸಿದ ಹೆಸರು, ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಎನ್ನುತ್ತಿದ್ದಳು.

ಆಗ ಚಳಿಗಾಲವೆಂದರೆ ಚಳಿಗಾಲವಾಗಿತ್ತು. ಈಗಿನ ಹಾಗೆ ಬಂದೆನೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಹೋಗುವ ಹಿಮವಲ್ಲ. ಚಿಲ್ಲೈ ಕಲಾನ್ ಎಂಬ ನಲವತ್ತು ದಿನದ ಕಡುಚಳಿ ಕಾಲಿಟ್ಟಿತೆಂದರೆ ಹಿಮ ಕಿಟಕಿಯ ತನಕ ಏರುತ್ತಿತ್ತು, ಜೊಂಡಿನ ಬುಡದ ನೀರು ಗಾಜಾಗುತ್ತಿತ್ತು. ಬಡಗಣ ಬೆಟ್ಟಗಳನ್ನು ದಾಟಿ ಬಾತುಗಳು, ಹೆಬ್ಬಾತುಗಳು ಬಂದು ಕೆರೆ ತುಂಬುತ್ತಿದ್ದವು. ಅವುಗಳ ಹಿಂದೆಯೇ ಶ್ರೀನಗರದಿಂದ ಸಾಹೇಬರುಗಳು ಕೋವಿ ಹಿಡಿದು ಬರುತ್ತಿದ್ದರು. ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು, ಜೊಂಡಿನೊಳಗೆ ಅಡಗಿಸಿ, ಹಕ್ಕಿ ಕರೆದು ಕೊಡುವುದು ನಮ್ಮ ದೋಣಿಯವರ ಕೆಲಸ. ಎಲ್ಲರಿಗಿಂತ ಮೊದಲು ಕೆರೆಗೆ ಇಳಿಯುವ ದೋಣಿಗೆ ಮೊದಲ ದೋಣಿ ಎಂದೇ ಹೆಸರು. ಅದು ಹೋಗಿ ಜೊಂಡಿನಲ್ಲಿ ಮರೆಯಾಗುವ ತನಕ ಉಳಿದವರು ಕಟ್ಟೆಯಲ್ಲಿ ಕಾಂಗ್ರಿ ಎಂಬ ಬುಟ್ಟಿ-ಅಗ್ಗಿಷ್ಟಿಕೆಯ ಕೆಂಡ ಕೆದಕುತ್ತ ಕಾಯಬೇಕು. ಆ ದೋಣಿ ಹಬಲಾನದು, ಅವನ ಅಪ್ಪನದೂ ಅದೇ ಆಗಿತ್ತು.

ಹಬಲಾ ಮೊಖ್ತಳ ಗಂಡ. ದೋಣಿಯ ಜಲ್ಲೆಯಂತೆ ಉದ್ದ, ಒಣಕಲು; ಮಾತು ಮಾತ್ರ ತುಂಬಿದ ಹೊಳೆ. ವುಲರ್ ಕೆರೆಯ ದೋಣಿಮನೆಯಲ್ಲಿ ಸಾಕುಬಾತುಗಳ ನಡುವೆ ಬೆಳೆದ ಮೊಖ್ತಳನ್ನು ಅವನು ಮದುವೆಯಾಗಿ ತಂದ ಮೊದಲ ಚಳಿಗಾಲದಲ್ಲೇ ಜಗಳವಾಯಿತು. ಅವನು ಒಲೆಯ ಮುಂದೆ ಕುಳಿತು ಕೈ ಬಟ್ಟಲು ಮಾಡಿಕೊಂಡು ಹೆಬ್ಬಾತಿನ ಕೂಗು ಸಾಧನೆ ಮಾಡುತ್ತಿದ್ದ. ಊರೆಲ್ಲ ಹೊಗಳಿದ ಕೂಗು ಅದು. ಹೊಸ ಹೆಂಡತಿ ತಲೆವಸ್ತ್ರದ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ಏನೇ ಅದು ನಗು?" ಎಂದು ಅವನು ರೇಗಿದ.

"ಇದು ಹೆಬ್ಬಾತಲ್ಲ. ಹೊತ್ತಲ್ಲದ ಹೊತ್ತಲ್ಲಿ ಮಾವನ ಮನೆಗೆ ಬಂದ ಅಳಿಯ ಬಾಗಿಲಲ್ಲಿ ಕೆಮ್ಮಿದ ಹಾಗಿದೆ."

ಅವಳು ತಾನೇ ಕೂಗಿ ತೋರಿಸಿದಳು. ನಾಲಿಗೆಯನ್ನು ಮುಂದಿನ ಹಲ್ಲುಗಳ ಹಿಂದೆ ಒತ್ತಿ, ಉಸಿರನ್ನು ಮೊದಲು ಹೊಟ್ಟೆಯಿಂದ, ಆಮೇಲೆ ಮೂಗಿನಿಂದ ಬಿಟ್ಟಳು. ಹಿತ್ತಲಿನ ಬಾತುಗಳೆಲ್ಲ ಕತ್ತೆತ್ತಿ ಉತ್ತರ ಕೊಟ್ಟವು. ಹಬಲಾ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಪಕ್ಕದಲ್ಲಿ ಬಂದು ಕುಳಿತು, ಇನ್ನೊಂದು ಸಲ ಮಾಡು ನೋಡೋಣ ಎಂದ. ಗಂಡ ಹೆಂಡಿರು ಹಾಗೆ ಅಡುಗೆಮನೆಯಲ್ಲಿ ಎದುರುಬದುರು ಕುಳಿತು ಕೂಗುವುದನ್ನು ಕೇಳಿ ಅಕ್ಕಪಕ್ಕದವರು ಇವರಿಗೆ ಮಾತೇ ಬರುವುದಿಲ್ಲವೇನೋ ಎಂದು ಆಡಿಕೊಳ್ಳುತ್ತಿದ್ದರು. ಅಂದಿನಿಂದ ಸಂಜೆ ಕೆರೆಯಿಂದ ಮರಳುವಾಗ ಹಬಲಾ ನೀರಿನ ಮೇಲಿಂದಲೇ ಒಮ್ಮೆ ಕೂಗುವನು. ಬಂದೆ ಎಂದರ್ಥ. ಮೊಖ್ತ ಕಟ್ಟೆಯಿಂದ ಕೂಗುವಳು. ಇಲ್ಲಿದ್ದೇನೆ ಎಂದರ್ಥ. ಒಲೆಯ ಮೇಲೆ ಉಪ್ಪುಚಹಾ ಕುದಿಯುತ್ತಿರುವುದೂ ಅವನಿಗೆ ಅದರಲ್ಲೇ ತಿಳಿಯುತ್ತಿತ್ತು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಹಬಲಾನಿಗೆ ಎರಡೂ ಒಟ್ಟಿಗೆ ಇದ್ದವು, ಅದೇ ಮುಳುವಾಯಿತು. ನೆಂಟರ ಮದುವೆಯೊಂದರಲ್ಲಿ ಹುಡುಗರ ಮುಂದೆ ಹಲ್ಲಿನಿಂದಲೇ ಅಕ್ರೋಟು ಒಡೆದು ತೋರಿಸಲು ಹೋದ. ಅಕ್ರೋಟು ಒಡೆಯಲಿಲ್ಲ. ಮುಂದಿನ ಹಲ್ಲು ಮುರಿದವು, ಉಳಿದವು ಅಲುಗಾಡಿ ಒಂದೊಂದಾಗಿ ಉದುರಿದವು. ಮನೆಗೆ ಬಂದು ಕೂಗಲು ನೋಡಿದರೆ ಬರೀ ಗಾಳಿ. ಚಹಾದ ಸಮೋವರ್ ಕುದಿಯುವಾಗ ಬರುತ್ತದಲ್ಲ, ಅಂಥ ಬುಸ್ ಎನ್ನುವ ಸದ್ದು.

ಕೂಗು ಹೋದರೆ ಮೊದಲ ದೋಣಿ ಹೋಯಿತು. ವಹಾಬ್ ಎಂಬವನು ಅದರ ಮೇಲೆ ಕಣ್ಣಿಟ್ಟು ವರ್ಷಗಳಿಂದ ಕಾದಿದ್ದ. ಹಬಲಾನಿಗೆ ಆ ದೋಣಿಯೇ ಮರ್ಯಾದೆ, ಅದೇ ಅಪ್ಪ, ಅದೇ ಅನ್ನ. ಅವನು ಊಟ ಬಿಟ್ಟು ಗೋಡೆ ನೋಡುತ್ತ ಮಲಗಿದ್ದನ್ನು ನೋಡಲಾರದೆ ಮೊಖ್ತಳೇ ದಾರಿ ಹುಡುಕಿದಳು.

"ಬಾಯಿ ನಿಂದಿರಲಿ, ಸದ್ದು ನಂದಿರಲಿ," ಎಂದಳು.

ಹೆಂಗಸು ಬೇಟೆಯ ದೋಣಿ ಹತ್ತಿದರೆ ಹಕ್ಕಿ ಇಳಿಯುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಹೀಗಾಗಿ ಯಾರಿಗೂ ಕಾಣುವಂತಿರಲಿಲ್ಲ. ನಸುಕಿನಲ್ಲಿ ಸಾಹೇಬರು ಬರುವ ಮುಂಚೆ ಚಹಾ, ರೊಟ್ಟಿ ಇಡಲೆಂದು ಮೊಖ್ತ ದೋಣಿಗೆ ಹೋಗುವಳು, ಮರಳಿ ಬರುತ್ತಿರಲಿಲ್ಲ. ಮರೆಗೆಂದು ಒಟ್ಟಿದ ಒಣಜೊಂಡಿನ ನಡುವೆ, ಚಾಪೆಯ ಕೆಳಗೆ, ಹಬಲಾನ ಕಾಲ ಬುಡದಲ್ಲಿ ಬೋರಲು ಮಲಗುವಳು. ಸಾಹೇಬ ಕೋವಿ ಹಿಡಿದು ಮುಂದೆ ಮುಖ ಮಾಡಿ ಕೂರುವನು. ಹಬಲಾ ಹಿಂದೆ ನಿಂತು ಕೈ ಬಟ್ಟಲು ಮಾಡಿ, ಕೆನ್ನೆ ಊದಿಸಿ, ಕಣ್ಣು ಮುಚ್ಚಿ ನಟಿಸುವನು. ಕೂಗು ಅವನ ಬೂಟಿನ ಬಳಿಯಿಂದ ಹೊರಡುವುದು. ಎರಡು ಚಳಿಗಾಲ ಹೀಗೆ ನಡೆಯಿತು. ಈ ಸಲ ಹಬಲಾನ ಕೂಗಿಗೆ ಇನ್ನೂ ಕಳೆ ಬಂದಿದೆ ಎಂದು ಸಾಹೇಬರು ಹೊಗಳಿದರೆ ಅವನು ತಲೆ ತಗ್ಗಿಸಿ, ಎಲ್ಲ ದೇವರ ದಯೆ ಎನ್ನುತ್ತಿದ್ದ. ಮನೆಗೆ ಬಂದ ಮೇಲೆ ಆ ದೇವರ ಕಾಲು ಒತ್ತುತ್ತಿದ್ದ.

ಮೊಖ್ತಳಿಗೆ ಆ ದಿನಗಳೆಂದರೆ ಮುಪ್ಪಿನಲ್ಲೂ ಕಣ್ಣು ಹೊಳೆಯುತ್ತಿತ್ತು. ಚಾಪೆಯ ಕೆಳಗಿನ ಕೊಳೆತ ಜೊಂಡಿನ ವಾಸನೆ, ಎದೆಗವಚಿದ ಕಾಂಗ್ರಿಯ ಬಿಸಿ, ದೋಣಿಯ ತಳಕ್ಕೆ ಮಂಜುಗಡ್ಡೆ ಉಜ್ಜುವ ಸದ್ದು, ನೆತ್ತಿಯ ಮೇಲೆ ರೆಕ್ಕೆಗಳ ಸುಯ್ಲು. ಕೆರೆಯನ್ನು ಅವಳು ಕಿವಿಯಿಂದಲೇ ಕಂಡಳು. ತಾನು ಕರೆದ ಹಕ್ಕಿಗೆ ಏನಾಗುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಕೋವಿಯ ಸದ್ದಾಗುವುದು, ನೀರಿಗೆ ಏನೋ ಬೀಳುವುದು, ಅಷ್ಟೆ.

ಮೂರನೆಯ ಚಳಿಗಾಲದಲ್ಲಿ ಸಿಕ್ಕಿಬಿದ್ದರು. ಶಾಲಿನ ವ್ಯಾಪಾರಿ ಕಾವೂಸ ಸಾಹೇಬ ಬಂದಿದ್ದ. ಒರಟು ಮಾತಿನ, ಧಾರಾಳ ಮನಸ್ಸಿನ ಮುದುಕ. ಯಾವ ದೋಣಿ ಮೊದಲು ಹೋಗಬೇಕೆಂಬುದು ಅವನ ಮಾತಿನ ಮೇಲೆ ನಿಂತಿತ್ತು. ಅಂದಿನ ಚಳಿಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತಿತ್ತು. ಮೊಖ್ತ ಕಾಂಗ್ರಿಗೆ ಕೆಂಡ ಕೊಂಚ ಹೆಚ್ಚೇ ತುಂಬಿಕೊಂಡಿದ್ದಳು. ಫೆರನ್ ಎಂಬ ನಿಲುವಂಗಿಯೊಳಗೆ ಕಾಂಗ್ರಿ ಇಟ್ಟುಕೊಂಡು ಕೂರುವುದು ನಮಗೆ ಹುಟ್ಟಿನಿಂದ ಬಂದದ್ದು, ನಿದ್ದೆಯಲ್ಲೂ ಬೀಳಿಸುವುದಿಲ್ಲ. ಆದರೆ ಬೋರಲು ಮಲಗಿ ಹೊಟ್ಟೆಯಿಂದ ಹೆಬ್ಬಾತಿನ ಕೂಗು ತೆಗೆಯುವುದನ್ನು ಯಾರ ಅಜ್ಜಿಯೂ ಕಲಿಸಿರಲಿಲ್ಲ. ದೂರದಲ್ಲಿ ಹಕ್ಕಿಗಳ ಸಾಲೊಂದು ಕಂಡಿತು, ಹಬಲಾ ಬೂಟಿನಿಂದ ಮೆಲ್ಲಗೆ ತಟ್ಟಿದ, ಅವಳು ದೀರ್ಘವಾಗಿ ಉಸಿರೆಳೆದಳು, ಕಾಂಗ್ರಿ ವಾಲಿತು.

ಸ್ವಲ್ಪ ಹೊತ್ತಿಗೆ ಕಾವೂಸ ಸಾಹೇಬ ಹಿಂದೆ ತಿರುಗದೆಯೇ ಪಿಸುಗುಟ್ಟಿದ. "ಹಬಲಾ, ನಿನ್ನ ಫೆರನ್ ಸುಡ್ತಾ ಇದೆ ನೋಡೋ."

ಹಬಲಾ ಕೆನ್ನೆ ಊದಿಸಿಕೊಂಡಿದ್ದವನು ಬಾಯಿ ತೆರೆಯುವಂತಿರಲಿಲ್ಲ. ಮೊಖ್ತಳೋ ಹಟಮಾರಿ. ತೊಡೆಗೆ ಬಿಸಿ ತಾಗುತ್ತಿದ್ದರೂ ಸಾಲು ಇಳಿಯುವ ತನಕ ಕೂಗು ಬಿಡಬಾರದೆಂದು ಕೂಗುತ್ತಲೇ ಇದ್ದಳು. ಹೊಗೆ ಎದ್ದಿತು, ಹಕ್ಕಿಗಳು ಕಂಡು ದೂರ ಸರಿದವು, ಜೊಂಡು ಭಗ್ಗನೆ ಹೊತ್ತಿತು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಹೆಂಗಸೊಂದು ಚಾಪೆ ಕಿತ್ತೆಸೆದು ನಡುದೋಣಿಯಲ್ಲಿ ಎದ್ದು ನಿಂತಿತು. ಕಾವೂಸ ಸಾಹೇಬನ ಟೋಪಿ ನೀರಿಗೆ ಬಿತ್ತು. ಹಬಲಾ ಬೊಗಸೆ ಬೊಗಸೆ ಹಿಮ ಎರಚಿ ಬೆಂಕಿ ಆರಿಸುವಷ್ಟರಲ್ಲಿ ಹೊಗೆ ನೋಡಿ ವಹಾಬನ ದೋಣಿಯೂ ಬಂತು.

"ಏನ್ ಹಬಲಾ, ಈ ವರ್ಷ ಹಕ್ಕಿನ ನೀರಲ್ಲೇ ಸುಟ್ಟು ಬಡಿಸ್ತಾ ಇದೀಯ?" ಎಂದು ವಹಾಬ್ ಕೇಳಿದ.

ಹಬಲಾ ಹೆದರಿ ಸುಳ್ಳು ಹೇಳಿದ. ಚಹಾ ಇಡಲು ಬಂದವಳು ಹಾಗೇ ನಿದ್ದೆ ಹೋಗಿದ್ದಾಳೆ, ಹೆಂಗಸರ ಬುದ್ಧಿ ಎಂದ. ತೊಡೆಯ ಉರಿಗಿಂತ ಆ ಮಾತು ಹೆಚ್ಚು ಉರಿಯಿತೆಂದು ಮೊಖ್ತ ಎಷ್ಟೋ ವರ್ಷದ ಮೇಲೆ ಸೊಸೆಗೆ ಹೇಳಿದಳು. ಅಷ್ಟರಲ್ಲಿ ಬಡಗಣದಿಂದ ಇನ್ನೊಂದು ಸಾಲು ಬರುತ್ತಿರುವುದು ಕಂಡಿತು. ಕಾವೂಸ ಸಾಹೇಬ ಹಬಲಾನ ಕಡೆ ನೋಡಿ, ಕೂಗು ಎಂದ. ಹಬಲಾ ಕೈ ಬಟ್ಟಲು ಮಾಡಿದ, ಊದಿದ. ಸಮೋವರ್ ಬುಸುಗುಟ್ಟಿತು. ವಹಾಬ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡನ ಕಿವಿ ಕೆಂಪಾದದ್ದನ್ನು ಮೊಖ್ತ ನೋಡಿದಳು. ಕೋಪ ಎಲ್ಲಿ ಹೋಯಿತೋ, ನಿಂತಲ್ಲೇ ಕತ್ತೆತ್ತಿ, ಎಲ್ಲರ ಎದುರಿಗೇ ಕೂಗಿದಳು. ಸಾಲು ಬಾಗಿತು, ತಿರುಗಿತು, ಕಾಲು ಇಳಿಬಿಟ್ಟು ತಲೆಯ ಮೇಲೆಯೇ ಬಂತು. ಕೋವಿ ಹಾರಿತು. ದೊಡ್ಡದೊಂದು ಹೆಬ್ಬಾತು ಮಂಜುಗಡ್ಡೆಯ ಮೇಲೆ ಬಿದ್ದು ಜಾರಿಕೊಂಡು ಹೋಯಿತು.

ಕಾವೂಸ ಸಾಹೇಬನಿಗೆ ಖುಷಿಯೋ ಖುಷಿ. ಹಕ್ಕಿ ಬಂದರೆ ಸರಿ, ಗಂಟಲು ಗಂಡನದಾದರೇನು ಹೆಂಡತಿಯದಾದರೇನು, ಮೊದಲ ದೋಣಿ ಇವನದೇ ಇರಲಿ ಎಂದು ವಹಾಬನಿಗೆ ಕೇಳುವಂತೆ ಹೇಳಿದ. ಹಬಲಾನ ಮುಖಕ್ಕೆ ರಕ್ತ ಮರಳಿತು. ಆಗ ಹಾರಿಹೋದ ಸಾಲಿನಿಂದ ಒಂದು ಹಕ್ಕಿ ಬೇರೆಯಾಗಿ ಹಿಂದೆ ಬಂತು. ಜೊಂಡಿನ ಮೇಲೆ, ಕೋವಿಯ ಅಳತೆಗೆ ತುಸು ಹೊರಗೆ ಸುತ್ತತೊಡಗಿತು. ಸುತ್ತುತ್ತ ಕೂಗಿತು. ಮೊಖ್ತ ಬೆಚ್ಚಿಬಿದ್ದಳು. ಅದು ಹಬಲಾ ಸಂಜೆ ನೀರಿನ ಮೇಲಿಂದ ಕೂಗುವ ಕೂಗು. ಬಂದೆ, ಎಲ್ಲಿದ್ದೀ?

"ಇನ್ನೊಂದೇ ಒಂದು ಸಲ ಕೂಗಮ್ಮ, ಇಳಿಯುತ್ತೆ," ಎಂದ ಸಾಹೇಬ, ಕೋವಿಗೆ ತೋಟಾ ತುಂಬುತ್ತ.

ಅವಳು ಬಾಯಿ ತೆರೆದಳು. ಕೂಗದೆ ಗಂಡನ ಕಡೆ ನೋಡಿದಳು. ಕೂಗಿದರೆ ದೋಣಿ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ, ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹಕ್ಕಿ ಇನ್ನೊಂದು ಸುತ್ತು ಬಂತು. ಹಬಲಾ ಅದನ್ನು ನೋಡಿದ, ಅವಳ ಮಸಿ ಮೆತ್ತಿದ ಮುಖದ ಮೇಲೆ ಇಳಿಯುತ್ತಿದ್ದ ನೀರನ್ನು ನೋಡಿದ. ಬಗ್ಗಿ ಜಲ್ಲೆ ಎತ್ತಿಕೊಂಡ.

"ಬೇಡ ಕಣೇ, ಕೂಗಬೇಡ," ಎಂದ. ಆಮೇಲೆ ಸಾಹೇಬನ ಕಡೆ ತಿರುಗಿದ. "ಸಾಹೇಬ್ರೆ, ಆಗ ಹೇಳಿದ್ದು ಸುಳ್ಳು. ನನ್ನ ಬಾಯಲ್ಲಿ ಹಲ್ಲಿಲ್ಲ, ಕೂಗು ಬರೋದಿಲ್ಲ. ಇಷ್ಟು ದಿನ ನೀವು ಹೊಡೆದ ಹಕ್ಕಿಯೆಲ್ಲ ಇವಳು ಕರೆದದ್ದು. ಇದನ್ನ ಮಾತ್ರ ಕರೆಯೋದಿಲ್ಲ."

ಅಷ್ಟು ಹೇಳಿ ದೋಣಿಯನ್ನು ಕಟ್ಟೆಯ ಕಡೆ ತಿರುಗಿಸಿಬಿಟ್ಟ. ಸಾಹೇಬ ಬೈದ, ಕೂಗಾಡಿದ. ಮುಂದಿನ ಬೇಟೆಗೆ ಮೊದಲ ದೋಣಿ ವಹಾಬನದಾಯಿತು. ಹಬಲಾ ಜೊಂಡು ಕೊಯ್ದು ಚಾಪೆ ಹೆಣೆದ, ಕೆರೆಯಲ್ಲಿ ಬೆಳೆಯುವ ಸಿಂಘಾಡ ಕಾಯಿ ಕಿತ್ತು ಮಾರಿದ. ಹಿಟ್ಟಿಗಾದರೆ ಉಪ್ಪಿಗಿಲ್ಲ ಎನ್ನುವಂಥ ವರ್ಷಗಳವು. ಆದರೂ ಆ ಮನೆಯಲ್ಲಿ ನಗುವಿಗೆ ಕೊರತೆ ಇರಲಿಲ್ಲ. ಅಕ್ರೋಟು ಕಂಡಾಗಲೆಲ್ಲ ಮೊಖ್ತ, ಒಡೆದು ಕೊಡುತ್ತೀಯಾ ಎಂದು ಕೇಳುವಳು. ಅವನು, ಮೊದಲು ನಿನ್ನ ಕಾಂಗ್ರಿ ನೋಡಿಕೋ ಎನ್ನುವನು. ಮುಂದೆ ಸರಕಾರ ಬೇಟೆಯನ್ನೇ ನಿಲ್ಲಿಸಿತು. ವಹಾಬನ ದೋಣಿಯೂ ಎಲ್ಲರ ದೋಣಿಗಳ ಜೊತೆ ಕಟ್ಟೆಯಲ್ಲಿ ಬೋರಲು ಬಿತ್ತು. ಮೊಖ್ತ ಮಾತ್ರ ಆ ಹಕ್ಕಿ ಸುತ್ತಿದ ದಿನದಿಂದ ಕೂಗಲೇ ಇಲ್ಲ. ಹಬಲಾ ಸಂಜೆ ನೀರಿನ ಮೇಲಿಂದ ಹಲ್ಲಿಲ್ಲದ ಬಾಯಲ್ಲಿ ಬುಸ್ ಎಂದರೆ ಅವಳು ಕಟ್ಟೆಯಿಂದ ಲಾಟೀನು ಆಡಿಸುವಳು.

ಹಬಲಾ ತೀರಿಕೊಂಡದ್ದೂ ಚಿಲ್ಲೈ ಕಲಾನ್‌ನಲ್ಲೇ. ಗೋರಿಯ ತನಕ ಹೆಂಗಸರು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಗಂಡಸರು ಅವನನ್ನು ಹೊತ್ತುಕೊಂಡು ಹಿಮದಲ್ಲಿ ಮರೆಯಾದ ಮೇಲೆ ಮೊಖ್ತ ಅಳುತ್ತಿದ್ದ ಹೆಂಗಸರ ನಡುವಿನಿಂದ ಎದ್ದು ಕಟ್ಟೆಗೆ ಹೋದಳು. ಸಂಜೆಯಾಗುತ್ತಿತ್ತು. ಅವಳ ಮುಂದಿನ ಹಲ್ಲುಗಳು ಇನ್ನೂ ಗಟ್ಟಿಯಿದ್ದವು, ಅಕ್ರೋಟು ಕಡಿದವಳಲ್ಲವಲ್ಲ. ಕೈ ಬಟ್ಟಲು ಮಾಡಿ, ಅಷ್ಟು ವರ್ಷದ ಮೇಲೆ ಮೊದಲ ಸಲ, ಹೊಟ್ಟೆಯಿಂದ ಉಸಿರೆತ್ತಿ ಕೂಗಿದಳು. ಇಲ್ಲಿದ್ದೇನೆ.

ಸೊಸೆ ಹಾಜ್ರಾ ಹುಡುಕಿಕೊಂಡು ಓಡಿ ಬಂದಾಗ ಆಕಾಶದ ಸಾಲೊಂದು ತಿರುಗಿ ಬಂದು ಕಟ್ಟೆಯ ಮುಂದಿನ ನೀರಿಗೆ ಇಳಿಯುತ್ತಿತ್ತು. ಅಷ್ಟು ಹತ್ತಿರಕ್ಕೆ ಹೆಬ್ಬಾತು ಬಂದದ್ದನ್ನು ಅವಳು ನೋಡಿರಲೇ ಇಲ್ಲ. ಅತ್ತೆ ಇನ್ನೂ ಕೂಗುತ್ತಿದ್ದಳು, ಕಣ್ಣು ಹಕ್ಕಿಗಳ ಮೇಲಿರಲಿಲ್ಲ, ಅವುಗಳ ಆಚೆ, ದೋಣಿ ಬರುವ ದಾರಿಯ ಮೇಲಿತ್ತು.

"ಯಾರನ್ನ ಕರೀತಿದ್ದೀರಿ ಅತ್ತೆ? ಬನ್ನಿ, ಚಳಿ," ಎಂದು ಹಾಜ್ರಾ ತನ್ನ ಕಾಂಗ್ರಿಯನ್ನು ಅವಳ ಫೆರನ್ ಒಳಗೆ ಇಟ್ಟಳು.

ಮೊಖ್ತ ಕೈ ಇಳಿಸಿ ಕಾಂಗ್ರಿಯನ್ನು ಜೋಪಾನವಾಗಿ ಹಿಡಿದುಕೊಂಡಳು.

"ನೋಡು, ಇಷ್ಟೂ ಬಂದ್ವು," ಎಂದಳು. "ಅವನೊಬ್ಬ ಬರಲಿಲ್ಲ."