ಮಾತ್ರೆ ಕರಗುವವರೆಗೆ

ಈ ಕಥೆಯನ್ನು ಸೋಫಾ ರಿಪೇರಿಯವನು ಗಿರಾಕಿಗಳಿಗೆ ತಾನೇ ಹೇಳಿಕೊಳ್ಳುತ್ತಾನೆ. ಪೆದ್ದನ ಪಾತ್ರವನ್ನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ಸೊಂಟನೋವಿಗೆಂದು ಶುರುಮಾಡಿದ ನೋವಿನ ಮಾತ್ರೆ ಅವನನ್ನೇ ನುಂಗಿ ನೀರು ಕುಡಿದಿತ್ತು. ಬಿಡಬೇಕೆಂದರೆ ನಾಳೆಯೇ ಬಿಟ್ಟೇನು ಎನ್ನುತ್ತ ವರ್ಷಗಟ್ಟಲೆ ಆ ನಾಳೆಗಾಗಿ ಕಾದ ಮಹಾಜಾಣ ಅವನು. ಹೆಂಡತಿಗೆ ಅಷ್ಟು ತಾಳ್ಮೆ ಇರಲಿಲ್ಲ, ತನ್ನ ತಮ್ಮನ ಮನೆ ಸೇರಿದಳು.

ಆಮೇಲೆ ಆಸ್ಪತ್ರೆಯ ದಾರಿ ಹಿಡಿದ. ದಿನಾ ಬೆಳಿಗ್ಗೆ ನರ್ಸಮ್ಮನ ಕಣ್ಣೆದುರು ಆ ಚಟ ಬಿಡಿಸುವ ಬೇರೊಂದು ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಳ್ಳಬೇಕು. ಕರಗುವವರೆಗೆ ನುಂಗುವಂತಿಲ್ಲ, ಮಾತಾಡುವಂತಿಲ್ಲ. ಮೈನಡುಕ ನಿಂತಿತು. ಸುತ್ತಿಗೆ ಹೆಬ್ಬೆರಳನ್ನು ಬಿಟ್ಟು ಮೊಳೆಯ ಮೇಲೇ ಬೀಳತೊಡಗಿತು.

ಮಾತ್ರೆ ಹೇಗೂ ನಡೆಯುತ್ತದೆ, ಜೊತೆಗೆ ಆಪ್ತಸಮಾಲೋಚನೆಯೂ ಇರಲಿ, ಹೆಂಡತಿಯನ್ನೂ ಕರೆಯೋಣ ಎಂದರು ಡಾಕ್ಟರು. ಇವನು ಮೂಗು ಮುರಿದ. ಕಿತ್ತುಹೋದ ಸ್ಪ್ರಿಂಗಿಗೆ ಯಾರಾದರೂ ಕೂತು ಬುದ್ಧಿ ಹೇಳುತ್ತಾರೆಯೇ? ಅಷ್ಟರಲ್ಲಿ ಹೆಂಡತಿ ಹೇಳಿಕಳಿಸಿದಳು: ಒಂದು ಸಲ ಬರುತ್ತೇನೆ, ಅಲ್ಲೂ ತಮಾಷೆ ಮಾಡಿ ಜಾರಿಕೊಂಡರೆ ಮತ್ತೆ ನಿಮ್ಮ ಮುಖ ನೋಡುವುದಿಲ್ಲ.

ಅವಳು ವಾಪಸ್ಸು ಬರಬೇಕು, ಅವನಿಗೆ ಬೇಕಾದದ್ದು ಅದೊಂದೇ. ತಮಾಷೆ ಬಿಟ್ಟರೆ ಬೇರೆ ಮಾತು ಬಾರದವನು ಏನು ಮಾಡಬೇಕು? ಅವಳು ಬರುವ ದಿನ ಮಾತ್ರೆಯನ್ನು ತಡಮಾಡಿ, ಸಮಾಲೋಚನೆಯ ಕೋಣೆಗೆ ಕಾಲಿಡುವ ಮುನ್ನವಷ್ಟೇ ಬಾಯಿಗೆ ಹಾಕಿಸಿಕೊಂಡ. ಇನ್ನು ಯಾರೂ ಮಾತಾಡಿಸುವಂತಿಲ್ಲ, ಡಾಕ್ಟರದೇ ಅಪ್ಪಣೆ. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಹೇಗಿದ್ದೀರಿ ಎಂದು ಹೆಂಡತಿ ಕೇಳಿದಾಗ ಗಂಭೀರವಾಗಿ ಬಾಯಿ ತೋರಿಸಿದ. ಸಮಾಲೋಚಕಿ ಇಂಥ ಎಷ್ಟೋ ಮೌನಿಗಳನ್ನು ಕಂಡವಳು. "ಕರಗ್ಲಿ ಬಿಡಿ, ನಾವು ಕಾಯ್ತೀವಿ" ಎಂದು ಹೆಂಡತಿಯ ಕಡೆ ತಿರುಗಿದಳು.

ಮಾತ್ರೆ ಕರಗುತ್ತದೆಂಬುದು ಈ ಜಾಣನಿಗೆ ಹೊಳೆದೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮದುವೆಯಾದಾಗಿನಿಂದ ಹೆಂಡತಿಯ ಮಾತಿಗೆ ಅಡ್ಡಬಾಯಿ ಹಾಕದೆ ಕೂತದ್ದು ಅದೇ ಮೊದಲು. ಅವಳು ಬೈಯಲಿಲ್ಲ, ಅಳಲಿಲ್ಲ.

"ನೀವು ಮಲಗಿದ್ದಾಗ ಮೂಗಿನ ಹತ್ರ ಕೈಯಿಟ್ಟು ಉಸಿರಿದೆಯಾ ಅಂತ ನೋಡ್ತಿದ್ದೆ. ದಿನಾ ನೋಡ್ತಿದ್ದೆ. ಅದನ್ನ ತಡ್ಕೊಳ್ಳೋಕಾಗ್ದೆ ಮನೆ ಬಿಟ್ಟು ಹೋಗಿದ್ದು ನಾನು."

ಅವನಿಗೆ ಇದು ಗೊತ್ತೇ ಇರಲಿಲ್ಲ. ಅವಳು ಸಿಟ್ಟಿಗೆ ಹೋದಳೆಂದೇ ನಂಬಿದ್ದ. ನಾಲಗೆಯಡಿ ಈಗ ಏನೂ ಉಳಿದಿರಲಿಲ್ಲ. ನಗಿಸುವ ಮಾತೊಂದು ಬಾಯಿಗೆ ಬಂತು, ಕಷ್ಟಪಟ್ಟು ತಡೆದುಕೊಂಡ.

"ಸಾಯಂಕಾಲ ಆದ್ರೆ ಭಯ ಆಗುತ್ತೆ," ಎಂದ. "ಮನೇಲಿ ಒಬ್ಬನೇ ಇರೋಕೆ ಆಗ್ತಿಲ್ಲ."

ಮನೆಗೆ ಬರುತ್ತೇನೆಂದು ಅವಳು ಹೇಳಲಿಲ್ಲ. ಮುಂದಿನ ವಾರ ಇದೇ ಕೋಣೆಗೆ ಬರುತ್ತೇನೆ ಎಂದಳು. ಹೋಗುವಾಗ ಅವನ ಅಂಗಿಗೆ ಅಂಟಿದ್ದ ಹತ್ತಿಯ ಎಳೆಯೊಂದನ್ನು ತೆಗೆದುಹಾಕಿದಳು.

ಅವನು ಹೊರಗೆ ಬಂದಾಗ, ಕಣ್ಣು ಯಾಕೆ ಕೆಂಪಾಗಿದೆಯೆಂದು ನರ್ಸಮ್ಮ ಕೇಳಿದಳು. ಸೋಫಾದ ಧೂಳು ಬಿತ್ತು ಎನ್ನಲು ಬಾಯಿ ತೆರೆದವನು ತಡೆದುಕೊಂಡ.

"ಅತ್ತುಬಿಟ್ಟೆ ಸಿಸ್ಟರ್," ಎಂದ.