ಎಲೆ ನೋಡುವ ಷರತ್ತು

ಆ ಕರಾರಿನ ಮಾತುಕತೆ ನಡೆದದ್ದು ಮಿರಜದಲ್ಲಿ, ಸೈಕಲ್ ಅಂಗಡಿಯೊಂದರ ಮೇಲಿನ ಖೋಲಿಯಲ್ಲಿ. ಇಷ್ಟು ಖಾತ್ರಿ. ಉಳಿದದ್ದರ ಬಗ್ಗೆ ನನ್ನ ನೆನಪು ಒಂದು ಹೇಳುತ್ತದೆ, ಆಗ ಬರೆದಿಟ್ಟ ದಿನಚರಿ ಇನ್ನೊಂದು ಹೇಳುತ್ತದೆ. ಬಹಳ ವರ್ಷ ನಾನು ನೆನಪನ್ನೇ ನಂಬಿದ್ದೆ. ನೆನಪಿನ ಪ್ರಕಾರ ತಪ್ಪು ನನ್ನದಿರಲಿಲ್ಲ, ಅದಕ್ಕೇ ಇರಬೇಕು.

ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ ಎಂಬತ್ತರ ದಶಕದ ಕೊನೆಗೆ ಊರಿಗೆ ಬಂದೆ. ನಮ್ಮೂರು ಐನಾಪುರದ ಹತ್ತಿರ. ಕಾಗವಾಡದ ಸುತ್ತ ದ್ರಾಕ್ಷಿ ತೋಟಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದ ಕಾಲ ಅದು. ಯಾರ ಕೈಕೆಳಗೂ ಬೇಡವೆಂದು ಸ್ವಂತವಾಗಿ ತೋಟಗಳಿಗೆ ಸಲಹೆ ಕೊಡುವ ಕೆಲಸ ಹಿಡಿದೆ. ಹಳೆಯ ಮೋಟರ್ ಸೈಕಲ್ ಮೇಲೆ ತೋಟದಿಂದ ತೋಟಕ್ಕೆ ಹೋಗಿ ಬಳ್ಳಿ ಯಾವಾಗ ಕತ್ತರಿಸಬೇಕು, ಯಾವ ಔಷಧ ಹೊಡೆಯಬೇಕು ಎಂದು ಹೇಳುವುದು. ತೋಟಕ್ಕೆ ಕರೆಸಿಕೊಂಡವರು ಫೀ ಕೊಡುತ್ತಿದ್ದರು. ಎಲೆಯನ್ನು ಮನೆಗೆ ತಂದವರು ಕೊಡುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಯಾರೂ ಬರೆದಿಡದ ಕಾನೂನು ಅದು. ಹಸಿ ಅರಿವೆಯಲ್ಲಿ ಸುತ್ತಿದ ಒಂದು ಎಲೆ ತಂದು, ಕಟ್ಟೆಯ ಮೇಲೆ ಕೂತು, "ಇದಕ್ಕೇನ್ ಆಗೇತಿ ನೋಡ್ರಿ" ಅಂದರೆ ನೋಡಿ ಹೇಳಬೇಕು. ಪಂಚಾಂಗ ಬಲ್ಲವನು ಓಣಿಯವರಿಗೆ ಅಮಾಸಿ ಯಾವತ್ತು ಎಂದು ಹೇಳಿದ ಹಾಗೆ.

ಹೀಗೆ ಮೂರ್ನಾಲ್ಕು ವರ್ಷ ಕಳೆದ ಮೇಲೆ ಮಿರಜದ ಏಜೆನ್ಸಿಯಿಂದ ಪತ್ರ ಬಂತು. ಅವರು ಔಷಧ ಕಂಪನಿಯೊಂದಕ್ಕೆ ಕೃಷಿ ಪದವೀಧರರನ್ನು ಒದಗಿಸುತ್ತಿದ್ದರು. ನೌಕರಿಯಲ್ಲ, ವರ್ಷದ ಕರಾರು. ಗಾಡಿ ನನ್ನದು, ಪೆಟ್ರೋಲ್ ಅವರದು. ರೊಕ್ಕ ಕೊಟ್ಟು ಅವರ ಯಾದಿಯಲ್ಲಿ, ಎಂದರೆ ಪಟ್ಟಿಯಲ್ಲಿ, ಹೆಸರು ಬರೆಸಿದವರ ತೋಟಗಳಿಗೆ ಮಾತ್ರ ನಾನು ಹೋಗಬೇಕು.

ಏಜೆಂಟರು ನನಗಿಂತ ಹತ್ತು ವರ್ಷ ದೊಡ್ಡವರು. ಮಾತು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವರು. ಟೈಪು ಮಾಡಿದ ಎರಡು ಹಾಳೆ ಮುಂದಿಟ್ಟು, ನಾನು ಓದುವಷ್ಟು ಹೊತ್ತು ಕಿಟಕಿಯಿಂದ ಕೆಳಗೆ ಸೈಕಲ್ ಪಂಕ್ಚರ್ ತಿದ್ದುವವನ ಜೊತೆ ಹರಟೆ ಹೊಡೆದರು.

"ಯಾದಿ ಬಿಟ್ಟು ಬ್ಯಾರೆ ಯಾರಿಗೂ ಸಲಹೆ ಕೊಡಂಗಿಲ್ಲ ಅಂತ ಐತೆಲ್ರಿ," ಅಂದೆ. "ಮನಿಗೆ ಎಲಿ ತಂದವರಿಗೆ?"

"ಎಲಿ ನೋಡಿ ಏನ್ ಮಾಡ್ತೀರಿ ಸರ? ಪಲ್ಯ ಮಾಡ್ತೀರೇನು? ಔಷಧನ ಹೇಳ್ತೀರಲ್ಲ. ಅದೂ ಸಲಹೆನ."

ವಾರಕ್ಕೆ ಏಳೂ ದಿನ ಕರೆದಲ್ಲಿಗೆ ಹೋಗಬೇಕು ಎಂಬ ಇನ್ನೊಂದು ಷರತ್ತಿತ್ತು. ನನಗೆ ರವಿವಾರ ಬೇಕಿತ್ತು. ಓದುವುದಕ್ಕೆ, ಬರೆಯುವುದಕ್ಕೆ, ಸುಮ್ಮನೆ ಮಲಗುವುದಕ್ಕೆ. ಎರಡನ್ನೂ ಕೇಳಿದೆ. ಎಲೆಯ ಷರತ್ತು ಕಂಪನಿಯದು, ಬದಲಾಗುವುದೇ ಇಲ್ಲ ಎಂದು ಅವರು ಹಟ ಹಿಡಿದರು, ನಾನು ಸಂಜೆಯವರೆಗೆ ವಾದಿಸಿದೆ, ಕೊನೆಗೆ ಬೇರೆ ದಾರಿ ಕಾಣದೆ ಸಹಿ ಹಾಕಿದೆ: ಇದು ನನ್ನ ನೆನಪು.

ದಿನಚರಿಯಲ್ಲಿ ಆ ದಿನದ ಕೆಳಗೆ ನನ್ನದೇ ಅಕ್ಷರದಲ್ಲಿ ಇರುವುದು ಇಷ್ಟು: "ಎಲೆಯ ಮಾತು ಬಿಟ್ಟುಕೊಟ್ಟೆ. ರವಿವಾರ ಸಿಕ್ಕಿತು. ಸಸ್ತಾ ಆಯಿತು. ಮಧ್ಯಾಹ್ನದ ಬಸ್ಸಿಗೆ ವಾಪಸ್."

ಸಂಜೆಯವರೆಗೆ ವಾದಿಸಿದವನು ಮಧ್ಯಾಹ್ನದ ಬಸ್ಸು ಹೇಗೆ ಹಿಡಿದ?

ನಮ್ಮ ಓಣಿಯಲ್ಲಿ ಒಬ್ಬ ಕಾಕು ಇದ್ದಳು. ರಕ್ತಸಂಬಂಧವಲ್ಲ, ಓಣಿಗೆಲ್ಲ ಆಕೆ ಕಾಕು, ಚಿಕ್ಕಮ್ಮ. ಗಂಡ ತೀರಿದ ಮೇಲೆ ಒಂದು ಎಕರೆಯ ದ್ರಾಕ್ಷಿ ತೋಟವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ನಾನು ಕತ್ತರಿ ಹಿಡಿಯಲು ಕಲಿತದ್ದು ಆ ತೋಟದಲ್ಲಿ. ಕಾಲೇಜಿನ ಸೂಟಿಯಲ್ಲಿ ಬಂದಾಗ ಎರಡು ಸಾಲು ಬಳ್ಳಿ ನನಗೆ ಬಿಟ್ಟುಕೊಟ್ಟು, "ಕೆಡಿಸಿದ್ರ ಕೆಡಿಸು, ಕಲಿ. ಮುಂದ ನನಗ ಡಾಕ್ಟರ್ ಬೇಕಾದಾಗ ಪುಕ್ಕಟ ಬರ್ತಿ," ಅಂದಿದ್ದಳು. ನಾನು ನಿಜವಾಗಿಯೂ ಒಂದು ಸಾಲು ಕೆಡಿಸಿದೆ. ಆಕೆ ಮುಂದಿನ ವರ್ಷ ಮತ್ತೆ ಎರಡು ಸಾಲು ಕೊಟ್ಟಳು.

ಕರಾರಾದ ಮೊದಲ ವರ್ಷವೇ, ಅಕ್ಟೋಬರದಲ್ಲಿ ಬಳ್ಳಿ ಕತ್ತರಿಸಿ ಗೊಂಚಲು ಹೊರಬಿದ್ದ ಹೊತ್ತಿಗೆ, ಎರಡು ದಿನ ಅಕಾಲದ ಮಳೆ ಹಿಡಿಯಿತು. ಮಳೆ ನಿಂತ ಮರುದಿನ ಮುಂಜಾನೆ ಕಾಕು ಸ್ಟೀಲ್ ಡಬ್ಬಿಯಲ್ಲಿ ಎಲೆ ತಂದಳು. ಅದೇ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಯಾದಿಯಲ್ಲಿದ್ದ ದೊಡ್ಡ ತೋಟದ ಯಜಮಾನರೊಬ್ಬರು, ನನ್ನನ್ನು ಕರೆದೊಯ್ಯಲು ಬಂದವರು, ಚಹಾ ಕುಡಿಯುತ್ತಿದ್ದರು.

"ತಮ್ಮಾ, ಇದೊಂದೀಟು ನೋಡು. ಕೆಳಗ ಬೆಳ್ಳಗ ಬಂದೇತಿ," ಅಂದಳು ಕಾಕು.

"ಕಾಕು, ನಾ ಈಗ ಬ್ಯಾರೆದವರ ಎಲಿ ನೋಡಂಗಿಲ್ಲ. ಕಂಪನಿಗೆ ಸಹಿ ಮಾಡಿ ಕೊಟ್ಟೀನಿ."

ತಮಾಷೆ ಮಾಡುತ್ತಿದ್ದೇನೆಂದು ಆಕೆ ತಿಳಿದಳು. "ಸಹಿ ಮಾಡಿ ಕೊಟ್ಟಿಯೋ, ಕಣ್ಣ ಕಿತ್ತ ಕೊಟ್ಟಿಯೋ?"

ಯಜಮಾನರು ನಕ್ಕರು. "ಹಂಗಲ್ಲವಾ, ಅವರದು ಈಗ ಕಾಯದೇಶೀರ, ಕಾನೂನಿನ ಕೆಲಸ. ನಾವು ರೊಕ್ಕ ಕೊಟ್ಟು ಹೆಸರ ಬರಸೇವಿ. ಪುಕ್ಕಟ ನೋಡಿದ್ರ ನಮಗ ಹೆಂಗ?"

"ನಿಮ್ಮ ತ್ವಾಟ ಹರದಾರಿ ಉದ್ದ ಐತಿ. ನನ್ನ ಒಂದ ಎಲಿ ನೋಡಿದ್ರ ನಿಮಗೇನ್ ಸವದು ಹೋಗ್ತೈತ್ರಿ?" ಅಂದು ಕಾಕು ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

ನೋಡುವುದಿಲ್ಲ ಅಂದವನಿಗೂ ಕಂಡೇ ಕಂಡಿತು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಅಂಚು ಮಡಚಿದಲ್ಲಿ ಕೆಳಗೆ ಬಿಳಿ ಬೂಷ್ಟು. ಅದು ಡೌನಿ ರೋಗ. ಎರಡು ದಿನದಲ್ಲಿ ಸರಿಯಾದ ಔಷಧ ಬೀಳದಿದ್ದರೆ ಗೊಂಚಲಿಗೆ ಇಳಿಯುತ್ತದೆ. "ಡೌನಿ" ಎಂಬ ಒಂದು ಶಬ್ದ ಸಾಕಿತ್ತು.

"ಅಂಗಡಿಯಾಂವಗ ತೋರಿಸು ಕಾಕು, ಅವ ಕೊಡ್ತಾನ," ಅಂದೆ. ಗಾಡಿಗೆ ಕಿಕ್ ಹೊಡೆದೆ.

ಆಕೆ ಬಯ್ಯಲಿಲ್ಲ. ಮುಚ್ಚಳ ಹಾಕಿ, "ಆತು ಬಿಡಪಾ. ಹೊಟ್ಟಿಪಾಡು," ಅಂದಳು.

ಆ ಸಂಜೆ ನಾನು ಆಕೆಯ ತೋಟಕ್ಕೆ ಹೋದೆ, ಬೇಲಿಯ ಗೇಟಿಗೆ ಕೀಲಿ ಬಿದ್ದಿತ್ತು, ಕೂಗಿದೆ, ಯಾರೂ ಓಗೊಡಲಿಲ್ಲ ಎಂದು ನನಗೆ ನೆನಪಿದೆ. ಕೀಲಿಗೆ ಹಿಡಿದ ತುಕ್ಕು ಕೂಡ ನೆನಪಿದೆ. ದಿನಚರಿಯಲ್ಲಿ ಇದು ಇಲ್ಲ. ಆ ವಾರದ ಯಾವ ಪುಟದಲ್ಲೂ ಇಲ್ಲ. ಎಷ್ಟು ಪೆಟ್ರೋಲ್ ಹಾಕಿಸಿದೆ ಎಂಬುದನ್ನೂ ಬರೆದಿಡುತ್ತಿದ್ದವನು ಇದನ್ನು ಬಿಟ್ಟಿರುತ್ತೇನೆಯೇ? ಹಾಗಾದರೆ ಆ ಗೇಟನ್ನು ಯಾವಾಗಲೋ ಮನಸ್ಸಿನಲ್ಲೇ ಕಟ್ಟಿಕೊಂಡು, ಅದಕ್ಕೆ ಕೀಲಿಯನ್ನೂ ನಾನೇ ಹಾಕಿದ್ದೇನೆ. ಆ ವಾರದ ರವಿವಾರದ ಕೆಳಗೆ ಮಾತ್ರ ಸ್ಪಷ್ಟವಾಗಿ ಇದೆ: "ಎಲ್ಲಿಗೂ ಹೋಗಲಿಲ್ಲ. ಗಡದ್ದಾಗಿ ನಿದ್ದೆ."

ಅಂಗಡಿಯವನು ಬಿಳಿಯದನ್ನು ನೋಡಿ ಬೂದಿ ರೋಗವೆಂದು ಗಂಧಕ ಕೊಟ್ಟ. ಕಾಕು ಶ್ರದ್ಧೆಯಿಂದ ಹೊಡೆಸಿದಳು. ಡೌನಿಗೆ ಗಂಧಕ ಏನೂ ಮಾಡುವುದಿಲ್ಲ. ಹದಿನೈದು ದಿನದಲ್ಲಿ ಗೊಂಚಲುಗಳು ಸುಟ್ಟ ದಾರದ ಹಾಗೆ ಒಣಗಿ ಉದುರಿದವು. ಪಕ್ಕದಲ್ಲೇ, ಯಾದಿಯಲ್ಲಿದ್ದ ತೋಟ ಹಸಿರಾಗಿ ನಿಂತಿತ್ತು. ಅಲ್ಲಿಗೆ ಹೋಗುವಾಗ ನಾನು ಕಾಲುವೆಯ ಕಡೆಯಿಂದ ಬಳಸಿಕೊಂಡು ಹೋಗುತ್ತಿದ್ದೆ. ಇದು ದಿನಚರಿಯಲ್ಲಿದೆ. ರಸ್ತೆ ಕೆಸರಾಗಿದೆ ಎಂದು ಕಾರಣ ಬರೆದಿದ್ದೇನೆ.

ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಆದರೆ ಒಣಗಿದ ತೋಟ ನೋಡಲು ಬಂದವರಿಗೆ ಕಾಕು ಹೇಳಿದ್ದು ಬೇರೆಯೇ ಎಂದು ಅವ್ವನಿಂದ ತಿಳಿಯಿತು. "ಎಲಿ ತೋರಸಾಕ ನಾನ ತಡಾ ಮಾಡಿದ್ನಿ. ಹುಡುಗಂದೇನ್ ತಪ್ಪೈತಿ?" ಅಂದಿದ್ದಳಂತೆ. ಅವ್ವ ಇದನ್ನು ಹೇಳಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಖರೇನೇನಲೇ, ಆಕಿ ತಡಾ ಮಾಡಿದ್ಲು?" ನಾನು ಹೂಂ ಅಂದೆ. ಅವ್ವ ಆ ಮುಂಜಾನೆ ಒಳಗೆ ಚಹಾ ಸೋಸುತ್ತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೇಸಿಗೆಯಲ್ಲಿ ಕರಾರು ಹೊಸದು ಮಾಡಲು ಮತ್ತೆ ಮಿರಜಕ್ಕೆ ಹೋದೆ. ಈ ಸಲ ಜಗಳಕ್ಕೆ ತಯಾರಾಗಿ ಹೋಗಿದ್ದೆ. ಎಲೆ ನೋಡುವ ಹಕ್ಕು ಇಲ್ಲದಿದ್ದರೆ ಸಹಿ ಇಲ್ಲ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

"ಮನಿಗೆ ತಂದ ಎಲಿ ಅಷ್ಟ? ಆತ್ರಿ," ಅಂದರು ಏಜೆಂಟರು. ಹಾಳೆಯ ಕೆಳಗೆ ಪೆನ್ನಿನಿಂದಲೇ ಒಂದು ಸಾಲು ಬರೆದು ಸಣ್ಣ ಸಹಿ ಹಾಕಿದರು.

"ರವಿವಾರ?"

"ಅದೂ ಇರಲಿ."

"ಹ್ವಾದ ವರ್ಷ ಇದು ಆಗಂಗೇ ಇಲ್ಲ ಅಂದಿದ್ರಿ."

"ಎಲ್ಲಿ ಅಂದೆ ಸರ? ಒಂದು ಬಿಡ್ರಿ, ಒಂದು ಹಿಡೀರಿ ಅಂದೆ. ವ್ಯಾಪಾರದಾಗ ಹಂಗ ಅನ್ನೂದ. ನೀವು ಮತ್ತೊಮ್ಮೆ ಕೇಳ್ತೀರಿ ಅಂತ ನಾ ಕಾಯ್ದೆ. ನೀವು ಬಸ್ ಯಾಳೆ ಆತು ಅಂತ ಎದ್ದ್ರಿ." ನನ್ನ ಮುಖ ನೋಡಿ, "ಯಾಕ, ಏನರೆ ತ್ರಾಸ ಆತೇನು?" ಎಂದು ಕೇಳಿದರು. ನಿಜವಾದ ಕಾಳಜಿಯಿಂದಲೇ ಕೇಳಿದರು.

ಊರಿಗೆ ಬಂದ ಮರುದಿನವೇ ಕಾಕುವಿನ ಕಡೆ ಹೋದೆ. ಇದನ್ನು ದಿನಚರಿಯೂ ಹೇಳುತ್ತದೆ, ನೆನಪೂ ಹೇಳುತ್ತದೆ. ಆಳುಗಳು ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದ ಕಲ್ಲುಕಂಬ ಕಿತ್ತು ಒಟ್ಟುತ್ತಿದ್ದರು, ಆಕೆ ತಂತಿ ಸುತ್ತಿಡುತ್ತಿದ್ದಳು. ಕಬ್ಬು ನಾಟಿ ಮಾಡುತ್ತಾಳಂತೆ. ಇನ್ನು ಮೇಲೆ ಯಾರ ಎಲೆಯನ್ನಾದರೂ ನೋಡಬಹುದು, ಕರಾರಿನಲ್ಲಿ ಬರೆಸಿಕೊಂಡು ಬಂದಿದ್ದೇನೆ ಎಂದು ಹೇಳಿದೆ. ನಿನ್ನ ಎಲೆಗೆ ಆಗಿದ್ದು ಡೌನಿ, ಅವತ್ತೇ ನನಗೆ ಗೊತ್ತಾಗಿತ್ತು ಎಂಬುದನ್ನೂ ಹೇಳಬೇಕೆಂದೇ ಹೋಗಿದ್ದೆ.

"ಚಲೋ ಆತು. ಓಣ್ಯಾಗಿನವರಿಗೆ ಬೇಕಾಗಿತ್ತು," ಅಂದು ಕಾಕು ತಂತಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ಬಂದೀಯಲ್ಲ, ಇದನ್ನೊಂದೀಟು ಜಗ್ಗಿ ಹಿಡಿ."

ನಾನು ಹಿಡಿದೆ. ಅಷ್ಟೂ ತಂತಿ ಸುತ್ತಿ ಮುಗಿಯುವವರೆಗೆ ಹಿಡಿದು ನಿಂತಿದ್ದೆ. ಡೌನಿಯ ಮಾತು ಹೇಳಲಿಲ್ಲ.